ಇಂಪ್ಲಾಂಟ್ ಹಲ್ಲು ಎಷ್ಟು ವರ್ಷ ಬರುತ್ತೆ? ಬಾಳಿಕೆ ಬರಬೇಕಾದರೆ ನೀವು ಮಾಡಬೇಕಾದ್ದು

"ಇಷ್ಟು ದುಡ್ಡು ಹಾಕ್ತಿದೀವಿ, ಜೀವನಪೂರ್ತಿ ಬರುತ್ತಾ?" ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಾಕುವ ಹಲ್ಲು) ಹಾಕಿಸಬೇಕು ಅಂತ ಬರುವವರೆಲ್ಲ ಕೇಳುವ ಪ್ರಶ್ನೆ ಇದು. ನನಗೆ ಬರುವ ಮೆಸೇಜ್‌ಗಳಲ್ಲೂ ಇದೇ ಜಾಸ್ತಿ. ಹಾಕಿಸಿ ನಾಲ್ಕೈದು ವರ್ಷ ಆದವರು ಇನ್ನೊಂದು ಕೇಳುತ್ತಾರೆ: "ಬ್ರಷ್ ಮಾಡುವಾಗ ಅಲ್ಲಿ ಸ್ವಲ್ಪ ರಕ್ತ ಬರುತ್ತೆ, ನೋವೇನೂ ಇಲ್ಲ, ಸುಮ್ನೆ ಬಿಡಬಹುದಾ?" ಎರಡಕ್ಕೂ ಒಂದೇ ಕಡೆ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ಹಲ್ಲಿನ ಡಾಕ್ಟರ್. ಇದನ್ನು ಓದಿಕೊಂಡು ಹೋಗಿ ನಿಮ್ಮ ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳಿ, ಅಷ್ಟಾದರೆ ಸಾಕು.

ಮೊದಲ ಪ್ರಶ್ನೆಗೆ ನೇರ ಉತ್ತರ: ಹತ್ತು ವರ್ಷ ಆದ ಮೇಲೆ ನೋಡಿದರೆ ನೂರು ಇಂಪ್ಲಾಂಟ್‌ಗಳಲ್ಲಿ ಸುಮಾರು 95 ಬಾಯಲ್ಲೇ ಇರುತ್ತವೆ. ಇಪ್ಪತ್ತು ವರ್ಷಕ್ಕೆ ಈ ಸಂಖ್ಯೆ ಇನ್ನೂ ಸ್ವಲ್ಪ ಇಳಿಯುತ್ತದೆ. ಸ್ವೀಡನ್ನಿನ ಪ್ರೊಫೆಸರ್ ಬ್ರೋನೆಮಾರ್ಕ್ 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಅವು 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ, ಅಂದರೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಕೆಲಸ ಮಾಡಿದವು. ಹಾಗಾಗಿ ತುಂಬಾ ಕಾಲ ಬರುವುದು ಸಾಧ್ಯ, ಅದರಲ್ಲಿ ಅನುಮಾನ ಇಲ್ಲ.

ಆದರೆ ಆ 95ರ ಲೆಕ್ಕದಲ್ಲಿ ಒಂದು ವಿಷಯ ಅಡಗಿದೆ. ಅದು "ಬಾಯಲ್ಲಿ ಇದೆಯಾ, ಬಿದ್ದುಹೋಗಿದೆಯಾ" ಅಂತ ಮಾತ್ರ ಎಣಿಸುವ ಲೆಕ್ಕ. ಸುತ್ತ ಕೀವು ಆಗಿದ್ದರೂ, ಅರ್ಧ ಮೂಳೆ ಕರಗಿದ್ದರೂ ಇಂಪ್ಲಾಂಟ್ ಅಲ್ಲಾಡದೆ ನಿಂತಿದ್ದರೆ ಅದೂ 95ರಲ್ಲಿ ಸೇರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2015ರ ಒಂದು ವಿಮರ್ಶೆಯ ಪ್ರಕಾರ, ಇಂಪ್ಲಾಂಟ್ ಇರುವವರಲ್ಲಿ ಸುಮಾರು ಶೇ. 43 ಜನರಿಗೆ ಸುತ್ತಲಿನ ಒಸಡಿನಲ್ಲಿ ಉರಿಯೂತ ಇರುತ್ತದೆ, ಸುಮಾರು ಶೇ. 22 ಜನರಿಗೆ ಮೂಳೆಯೂ ಕರಗಲು ಶುರುವಾಗಿರುತ್ತದೆ. ನಿಮಗೆ ಬೇಕಿರುವುದು ಬಾಯಲ್ಲಿ ಇರುವ ಇಂಪ್ಲಾಂಟ್ ಅಷ್ಟೇ ಅಲ್ಲ, ಆರೋಗ್ಯವಾಗಿರುವ ಇಂಪ್ಲಾಂಟ್ ಅಲ್ವಾ?

ಮೊದಲು ನಾಲ್ಕು ಪದ ತಿಳಿದುಕೊಳ್ಳಿ

ಇಂಪ್ಲಾಂಟ್ ಅಂದರೆ ಮೂಳೆಯೊಳಗೆ ಕೂರುವ ಟೈಟಾನಿಯಂ ಸ್ಕ್ರೂ. ಹಲ್ಲಿನ ಬೇರಿನ ಜಾಗದಲ್ಲಿ ಇದು ಇರುತ್ತದೆ. ಅದರ ಮೇಲೆ ಒಸಡಿನಿಂದ ಹೊರಬರುವ ಸಣ್ಣ ಕಂಬಕ್ಕೆ ಅಬಟ್‌ಮೆಂಟ್ ಅನ್ನುತ್ತಾರೆ. ಅದರ ಮೇಲೆ ಕೂರುವ, ಕಣ್ಣಿಗೆ ಕಾಣುವ ಹಲ್ಲೇ ಕ್ಯಾಪ್. ನಾಲ್ಕನೆಯದು ಪೆರಿ-ಇಂಪ್ಲಾಂಟೈಟಿಸ್. ಇಂಪ್ಲಾಂಟ್ ಸುತ್ತ ಸೋಂಕು ಆಗಿ ಮೂಳೆ ಕರಗುವ ಕಾಯಿಲೆ ಇದು. ವರ್ಷಗಳ ಮೇಲೆ ಇಂಪ್ಲಾಂಟ್ ಕಳೆದುಕೊಳ್ಳುವವರು ಹೆಚ್ಚಾಗಿ ಇದರಿಂದಲೇ ಕಳೆದುಕೊಳ್ಳುತ್ತಾರೆ.

ಇನ್ನೊಂದು ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನಿಜವಾದ ಹಲ್ಲು ಮೂಳೆಗೆ ನೇರ ಅಂಟಿಕೊಂಡಿರುವುದಿಲ್ಲ. ಮಧ್ಯೆ ಕಾಲು ಮಿಲಿಮೀಟರಿನಷ್ಟು ತೆಳುವಾದ ನಾರಿನ ಪದರ ಇದೆ. ಅದೇ ಹಲ್ಲಿಗೆ ಮೆತ್ತೆ. ಅನ್ನದಲ್ಲಿ ಕಲ್ಲು ಸಿಕ್ಕಿದ ಕೂಡಲೇ ಗೊತ್ತಾಗುವುದು ಆ ಪದರದಲ್ಲಿರುವ ನರಗಳಿಂದ. ಇಂಪ್ಲಾಂಟ್‌ಗೆ ಆ ಪದರ ಇಲ್ಲ, ಅದು ಮೂಳೆಗೇ ಬೆಸೆದುಕೊಂಡಿರುತ್ತದೆ. ಹಾಗಾಗಿ ಭಾರ ಜಾಸ್ತಿ ಬಿದ್ದರೂ ನಿಮಗೆ ತಿಳಿಯುವುದಿಲ್ಲ. ಇನ್ನು ಸೋಂಕು, ಅದೂ ಬಹಳಷ್ಟು ಸಲ ನೋವಿಲ್ಲದೆಯೇ ಬೆಳೆಯುತ್ತದೆ. ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ ನಿಜ, ಆದರೆ ಒಸಡಿನ ಕಾಯಿಲೆ ಹಿಡಿಯುತ್ತದೆ. "ನೋವಿಲ್ಲ, ಹಾಗಾಗಿ ಸರಿಯಾಗಿದೆ" ಅನ್ನುವ ಲೆಕ್ಕ ಇಂಪ್ಲಾಂಟ್‌ಗೆ ನಡೆಯುವುದಿಲ್ಲ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ಹಂತ 1: ನಿಮ್ಮ ಆರೋಗ್ಯದ ಪೂರ್ತಿ ವಿವರ ಕೊಡಿ

ಹಲ್ಲಿನ ಡಾಕ್ಟರಿಗೆ ಮೈಯ ಕಾಯಿಲೆ ಯಾಕೆ ಹೇಳಬೇಕು ಅಂತ ತುಂಬಾ ಜನ ಬಿಟ್ಟುಬಿಡುತ್ತಾರೆ. ಬಾಳಿಕೆಯನ್ನು ನಿಜವಾಗಿ ನಿರ್ಧರಿಸುವ ಸಂಗತಿಗಳು ಬಹುಪಾಲು ಇಲ್ಲೇ ಇವೆ.

ಸಕ್ಕರೆ ಕಾಯಿಲೆ ಇದ್ದರೆ ಇಂಪ್ಲಾಂಟ್ ಆಗುವುದಿಲ್ಲ ಅನ್ನುವುದು ತಪ್ಪು. ಹತೋಟಿಯಲ್ಲಿ ಇದ್ದರೆ ಆಗುತ್ತದೆ, ಚೆನ್ನಾಗಿಯೂ ಬಾಳುತ್ತದೆ. ಹತೋಟಿ ತಪ್ಪಿದ್ದರೆ ಗಾಯ ನಿಧಾನ ಮಾಯುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಆ ದಿನ ಬೆಳಿಗ್ಗೆಯ ಶುಗರ್ ರಿಪೋರ್ಟ್ ತಂದರೆ ಸಾಲದು. ಎಚ್‌ಬಿಎ1ಸಿ ಮಾಡಿಸಿ. ಕಳೆದ ಎರಡು ಮೂರು ತಿಂಗಳ ಸಕ್ಕರೆ ಸರಾಸರಿ ಎಷ್ಟಿತ್ತು ಅನ್ನುವುದನ್ನು ಹೇಳುವ ರಕ್ತ ಪರೀಕ್ಷೆ ಅದು. ಅದು 8ರ ಮೇಲೆ ಇದ್ದರೆ ನಾನು "ಮೊದಲು ಇಳಿಸಿಕೊಂಡು ಬನ್ನಿ" ಅಂತ ಕಳಿಸುತ್ತೇನೆ. ಅವಸರ ಬೇಡ, ಆ ಹಲ್ಲಿಲ್ಲದೆ ಇನ್ನೂ ನಾಲ್ಕು ತಿಂಗಳು ಹೋದರೆ ಏನೂ ಆಗುವುದಿಲ್ಲ.

ತಂಬಾಕಿನ ವಿಷಯ ಖಡಾಖಂಡಿತವಾಗಿ ಹೇಳಬೇಕು. ಸಿಗರೇಟು, ಬೀಡಿ ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಾಧ್ಯತೆ ಸೇದದವರಿಗಿಂತ ಸುಮಾರು ಎರಡು ಪಟ್ಟು. ಹೊಗೆ ಒಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದರಿಂದ ಗಾಯ ಮಾಯುವುದು ತಡ, ಜೊತೆಗೆ ಸೋಂಕಿನ ಮೊದಲ ಗುರುತಾದ ರಕ್ತ ಬರುವುದೂ ಮರೆಯಾಗುತ್ತದೆ. ಕಾಯಿಲೆ ಇದ್ದರೂ ಒಸಡು ನೋಡಲು ಚೆನ್ನಾಗಿಯೇ ಕಾಣುತ್ತದೆ. ಬಿಡಲು ಆಗುತ್ತಲೇ ಇಲ್ಲ ಅನ್ನುವವರಿಗೂ ಆಪರೇಷನ್‌ಗೆ ಕನಿಷ್ಠ ಒಂದು ವಾರ ಮೊದಲು ಬಿಟ್ಟು, ಆಮೇಲೆ ಎಂಟು ವಾರ ಮುಟ್ಟಬೇಡಿ ಅಂತ ಹೇಳುತ್ತೇವೆ. ಎಂಟು ವಾರ ಬಿಟ್ಟವರು ಪೂರ್ತಿ ಬಿಡಬಹುದು, ದಯವಿಟ್ಟು ಪ್ರಯತ್ನಿಸಿ. ನಮ್ಮ ಕಡೆ ಇನ್ನೊಂದು ಇದೆ, ಗುಟ್ಕಾ, ಕಡ್ಡಿಪುಡಿ, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಆಗ ಹಿಂದಿನ ದವಡೆ ಹಲ್ಲಿನ ಜಾಗಕ್ಕೆ ಡ್ರಿಲ್ ಹೋಗುವುದೇ ಕಷ್ಟ. ಹೇಗೋ ಹಾಕಿದರೂ ಮನೆಯಲ್ಲಿ ನಿಮ್ಮ ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಜೊತೆಗೆ ಅದು ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ, ಆದ್ದರಿಂದ ಮೊದಲು ಅದರ ಚಿಕಿತ್ಸೆ, ಹಲ್ಲು ಆಮೇಲೆ.

ಮೂಳೆ ಸವೆತಕ್ಕೆ ಔಷಧಿ ತಗೊಳ್ಳುತ್ತಿದ್ದೀರಾ? ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಹಾಕುವ ಜೊಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್, ಹೀಗೆ. ನಿಮ್ಮ ಅಮ್ಮನಿಗೋ ಅತ್ತೆಗೋ ಇಂಪ್ಲಾಂಟ್ ಮಾಡಿಸುತ್ತಿದ್ದರೆ ಇದನ್ನು ಖಂಡಿತ ಕೇಳಿ ತಿಳಿದುಕೊಳ್ಳಿ, ಯಾಕೆಂದರೆ "ಕ್ಯಾಲ್ಸಿಯಂ ಇಂಜೆಕ್ಷನ್" ಅಂತ ಹೇಳಿ ಮರೆತುಬಿಟ್ಟಿರುತ್ತಾರೆ. ಈ ಔಷಧಿ ತಗೊಳ್ಳುವ ಕೆಲವರಲ್ಲಿ ದವಡೆ ಮೂಳೆ ಗಾಯದ ನಂತರ ಮಾಯದೆ ಉಳಿಯುತ್ತದೆ. ಕ್ಯಾನ್ಸರ್‌ಗಾಗಿ ದೊಡ್ಡ ಪ್ರಮಾಣದಲ್ಲಿ ತಗೊಂಡವರಿಗೆ ಅಪಾಯ ಬಹಳ ಜಾಸ್ತಿ. ಆದರೆ ನೀವೇ ನಿಲ್ಲಿಸಬೇಡಿ. ಡೆನೊಸುಮ್ಯಾಬ್ ಏಕಾಏಕಿ ನಿಲ್ಲಿಸಿದರೆ ಬೆನ್ನುಮೂಳೆ ಮುರಿಯುವ ಅಪಾಯ ಇದೆ. ಇಬ್ಬರು ಡಾಕ್ಟರೂ ಮಾತಾಡಿಕೊಳ್ಳಲಿ.

ಮುಖ, ಕತ್ತಿನ ಭಾಗಕ್ಕೆ ರೇಡಿಯೇಷನ್ ಆಗಿದ್ದರೆ ಹೇಳಿ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಅಂತ ಮನೆಯವರನ್ನು ಕೇಳಿಕೊಂಡು ಬನ್ನಿ, ನಿಮಗೆ ಅದು ಗೊತ್ತಿರುವುದಿಲ್ಲ. ವಯಸ್ಸಾಗಿದೆ ಅನ್ನುವ ಚಿಂತೆ ಬೇಡ, ಎಪ್ಪತ್ತೈದರಲ್ಲೂ ಹಾಕುತ್ತೇವೆ. ಎಳೆಯ ವಯಸ್ಸಿಗೆ ಮಾತ್ರ ಹಾಕಬಾರದು. ದವಡೆ ಬೆಳೆಯುತ್ತಾ ಪಕ್ಕದ ಹಲ್ಲುಗಳು ಮುಂದೆ ಬರುತ್ತವೆ, ಇಂಪ್ಲಾಂಟ್ ನಿಂತಲ್ಲೇ ನಿಂತು ಹುಗಿದಂತೆ ಕಾಣುತ್ತದೆ.

ಹಂತ 2: ಇರುವ ಹಲ್ಲುಗಳ ಒಸಡನ್ನು ಮೊದಲು ಸರಿ ಮಾಡಿಸಿ

ಒಸಡಿನ ಕಾಯಿಲೆಯಿಂದ ಹಲ್ಲು ಅಲ್ಲಾಡಿ ಬಿದ್ದವರಿಗೆ ಅದೇ ಕಾಯಿಲೆ ಇಂಪ್ಲಾಂಟ್‌ಗೂ ಬರುವ ಸಾಧ್ಯತೆ ಜಾಸ್ತಿ. ಹಲ್ಲನ್ನು ಬೀಳಿಸಿದ ಬ್ಯಾಕ್ಟೀರಿಯಾ ಉಳಿದ ಹಲ್ಲುಗಳ ಸುತ್ತ ಇನ್ನೂ ಕೂತಿರುತ್ತವೆ. ಪಕ್ಕದ ಹಲ್ಲಿಗೆ ಗಾರೆ (ಗಟ್ಟಿಯಾದ ಕೊಳೆ) ಕಟ್ಟಿ ಕೀವು ಸೋರುತ್ತಿರುವಾಗ ಮಧ್ಯೆ ಹೊಸ ಇಂಪ್ಲಾಂಟ್ ಹಾಕುವುದು ಗೆದ್ದಲು ಹಿಡಿದ ಗೋಡೆಗೆ ಹೊಸ ಚೌಕಟ್ಟು ಕೂರಿಸಿದ ಹಾಗೆ. ಕ್ಲೀನಿಂಗ್, ಬೇಕಿದ್ದರೆ ಒಸಡಿನ ಚಿಕಿತ್ಸೆ, ಆಮೇಲೆ ಎರಡು ಮೂರು ತಿಂಗಳು ಒಸಡು ಹೇಗಿರುತ್ತದೆ ಅಂತ ನೋಡುವುದು. ಈ ಹಂತವನ್ನು ಹಾರಿಸಿ "ನಾಳೆನೇ ಹಾಕಿಬಿಡೋಣ" ಅನ್ನುವ ಕಡೆ ಸ್ವಲ್ಪ ಯೋಚಿಸಿ.

ಇದೇ ಸಮಯಕ್ಕೆ ಸಿಬಿಸಿಟಿ ಆಗಬೇಕು. ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್ ಅದು. ಮಾಮೂಲಿ ಎಕ್ಸ್‌ರೇಯಲ್ಲಿ ಮೂಳೆಯ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಮೇಲಿನ ದವಡೆಯ ಹಿಂಭಾಗದ ಮೂಳೆ ಸಾಮಾನ್ಯವಾಗಿ ಮೆದು, ಅದರ ಮೇಲೇ ಸೈನಸ್ ಇದೆ, ಅಂದರೆ ಕೆನ್ನೆಯ ಹಿಂದಿನ ಗಾಳಿ ತುಂಬಿದ ಗೂಡು. ಅಲ್ಲಿ ಮೂಳೆ ಸಾಲದಿದ್ದರೆ ಸೇರಿಸಬೇಕಾಗುತ್ತದೆ, ಕಾಯಬೇಕಾಗುತ್ತದೆ.

ಹಂತ 3: ಒಪ್ಪಿಕೊಳ್ಳುವ ಮೊದಲು ಇಷ್ಟು ಕೇಳಿ

ಕ್ಯಾಪ್ ಸ್ಕ್ರೂ ಹಾಕಿ ಕೂರಿಸುವುದಾ, ಸಿಮೆಂಟ್ ಹಾಕಿ ಅಂಟಿಸುವುದಾ? ಎರಡೂ ನಡೆಯುತ್ತದೆ. ಆದರೆ ಅಂಟಿಸುವಾಗ ಒಸಡಿನ ಕೆಳಗೆ ಜಾರಿದ ಸಿಮೆಂಟ್ ಚೂರು ಅಲ್ಲೇ ಉಳಿದರೆ ಅದರ ಸುತ್ತ ಸೋಂಕು ಶುರುವಾಗುತ್ತದೆ. ಆಗುವ ಕಡೆಯೆಲ್ಲ ನಾನು ಸ್ಕ್ರೂ ಕ್ಯಾಪನ್ನೇ ಇಷ್ಟಪಡುತ್ತೇನೆ, ಬೇಕಾದಾಗ ಬಿಚ್ಚಿ ನೋಡಬಹುದು.

ಕ್ಯಾಪಿನ ಕೆಳಗೆ ಬ್ರಷ್ ಹೋಗಲು ಜಾಗ ಇರುತ್ತಾ? ಇದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. ನೋಡಲು ಚಂದ ಇರಲಿ ಅಂತ ಒಸಡಿಗೆ ಒತ್ತಿಕೊಂಡಂತೆ ದಪ್ಪ ಕ್ಯಾಪ್ ಮಾಡಿದರೆ ಅಲ್ಲಿ ಕ್ಲೀನ್ ಮಾಡಲು ಆಗುವುದೇ ಇಲ್ಲ.

ಇಂಪ್ಲಾಂಟ್ ಕಾರ್ಡ್ ಕೊಡುತ್ತೀರಾ? ಕಂಪನಿ ಹೆಸರು, ಮಾಡೆಲ್, ದಪ್ಪ, ಉದ್ದ, ಲಾಟ್ ನಂಬರ್, ಹಾಕಿದ ದಿನಾಂಕ ಇಷ್ಟೂ ಇರಬೇಕು. ಸಾಮಾನ್ಯವಾಗಿ ಡಬ್ಬಿಯ ಮೇಲಿನ ಸ್ಟಿಕ್ಕರನ್ನೇ ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಒಮ್ಮೆ ನನ್ನ ಹತ್ತಿರ ಒಬ್ಬರು ಕ್ಯಾಪ್ ಲೂಸ್ ಆಯ್ತು ಅಂತ ಬಂದರು. ಸ್ಕ್ರೂ ಬಿಗಿ ಮಾಡುವ ಹತ್ತು ನಿಮಿಷದ ಕೆಲಸ. ಹಾಕಿದ ಕ್ಲಿನಿಕ್ ಮುಚ್ಚಿಹೋಗಿತ್ತು, ಕಾರ್ಡ್ ಇರಲಿಲ್ಲ, ಯಾವ ಕಂಪನಿ ಅಂತ ಗೊತ್ತಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಅಳತೆಯ ಸ್ಕ್ರೂಡ್ರೈವರ್. ಎಕ್ಸ್‌ರೇ ನೋಡಿ ಊಹಿಸಿ, ಸರಿಯಾದದ್ದು ತರಿಸುವಷ್ಟರಲ್ಲಿ ಮೂರು ವಾರ ಆಯಿತು. ರಜೆಗೆ ಊರಿಗೆ ಬಂದಾಗ ಹಲ್ಲು ಮಾಡಿಸಿಕೊಂಡು ಅಮೆರಿಕಕ್ಕೋ ದುಬೈಗೋ ವಾಪಸ್ ಹೋಗುವವರು ಈ ಕಾರ್ಡಿನ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಲೇಬೇಕು. ಅಲ್ಲಿ ಸುಲಭವಾಗಿ ಬಿಡಿಭಾಗ ಸಿಗುವ ಕಂಪನಿಯದನ್ನೇ ಹಾಕಿಸಿ.

"ಲೈಫ್‌ಟೈಮ್ ಗ್ಯಾರಂಟಿ" ಅಂದರೆ ಏನು ಅಂತಲೂ ಬಿಡಿಸಿ ಕೇಳಿ. ಸಾಮಾನ್ಯವಾಗಿ ಕಂಪನಿ ಹೊಸ ಇಂಪ್ಲಾಂಟ್ ಸ್ಕ್ರೂ ಕೊಡುತ್ತದೆ ಅಷ್ಟೇ. ಮತ್ತೆ ಮಾಡುವ ಆಪರೇಷನ್, ಮೂಳೆ ಸೇರಿಸುವುದು, ಹೊಸ ಕ್ಯಾಪ್ ಇವುಗಳ ಖರ್ಚು ಯಾರದು ಅನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಹಂತ 4: ಹಾಕಿದ ಮೇಲಿನ ಮೊದಲ ಮೂರು ತಿಂಗಳು

ಸ್ಕ್ರೂ ಹಾಕಿದ ದಿನ ಅದು ಮೂಳೆಯಲ್ಲಿ ಬಿಗಿಯಾಗಿ ಕೂತಿರುತ್ತದೆ, ಆದರೆ ಬೆಸೆದುಕೊಂಡಿರುವುದಿಲ್ಲ. ಟೈಟಾನಿಯಂ ಮೇಲೆ ಹೊಸ ಮೂಳೆ ಬೆಳೆದು ಹಿಡಿದುಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳು ಬೇಕು, ಮೂಳೆ ಸೇರಿಸಿದ್ದರೆ ಇನ್ನೂ ಹೆಚ್ಚು. ಈ ಸಮಯದಲ್ಲಿ ಇಂಪ್ಲಾಂಟ್ ಪದೇಪದೇ ಅಲುಗಾಡಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ. ಆಗ ಅದು ಎಂದೂ ಗಟ್ಟಿಯಾಗುವುದಿಲ್ಲ, ತೆಗೆಯಬೇಕಾಗುತ್ತದೆ.

ಮೊದಲ ದಿನ ಬಿಸಿ ಊಟ ಬೇಡ. ಆಮೇಲೆ ಒಂದೆರಡು ವಾರ ಗಂಜಿ, ಇಡ್ಲಿ, ಮೆತ್ತಗಿನ ಅನ್ನ. ಮುದ್ದೆ ಅಗಿಯುವ ಕೆಲಸವೇ ಇಲ್ಲದ ಊಟ, ಆರಿಸಿಕೊಂಡು ತಿನ್ನಿ. ಚಕ್ಕುಲಿ, ಕೋಡುಬಳೆ, ಕಬ್ಬು, ಮಟನ್ ಮೂಳೆ ಆ ಕಡೆಯಿಂದ ಬೇಡ. ನಾಲಿಗೆಯಿಂದ, ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುವ ಅಭ್ಯಾಸ ಬಿಡಿ. ಒಂದು ವಾರದ ನಂತರವೂ ನೋವು ಜಾಸ್ತಿಯಾಗುತ್ತಿದ್ದರೆ ಕಾಯದೆ ಹೋಗಿ. ಕೆಳ ತುಟಿ ಜೋಮು ಹಿಡಿದಂತಿದ್ದು, ಮರವಳಿಕೆ ಇಂಜೆಕ್ಷನ್ನಿನ ಪರಿಣಾಮ ಇಳಿದ ಮೇಲೂ ಆ ಜೋಮು ಹೋಗದಿದ್ದರೆ ಅವತ್ತೇ ಫೋನ್ ಮಾಡಿ.

ಹಂತ 5: ದಿನಾ ಐದು ನಿಮಿಷ

ಇಂಪ್ಲಾಂಟ್ ಉಳಿಯುವುದು, ಹೋಗುವುದು ಬಹುಮಟ್ಟಿಗೆ ಈ ಐದು ನಿಮಿಷದ ಮೇಲೆ ನಿಂತಿದೆ.

ಬೇಕಾಗುವ ಸಾಮಾನು: ಮೆದು ಎಳೆಯ ಬ್ರಷ್, ಹಲ್ಲಿನ ಸಂದಿಗೆ ಹೋಗುವ ಇಂಟರ್‌ಡೆಂಟಲ್ ಬ್ರಷ್ (ಪುಟ್ಟ ಬಾಟಲಿ ಬ್ರಷ್ ತರ ಇರುತ್ತದೆ, ಮಧ್ಯದ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನು ತಗೊಳ್ಳಿ), ಒಂದು ಕನ್ನಡಿ, ಒಳ್ಳೆಯ ಬೆಳಕು. ಎರಡು ಮೂರು ಇಂಪ್ಲಾಂಟ್ ಸೇರಿಸಿ ಬ್ರಿಡ್ಜ್ (ಒಂದಕ್ಕೊಂದು ಸೇರಿದ ಹಲ್ಲುಗಳ ಸಾಲು) ಮಾಡಿದ್ದರೆ ಕೆಳಗೆ ತೂರಿಸಲು ಸೂಪರ್ ಫ್ಲಾಸ್ ಎಂಬ ದಪ್ಪ ದಾರ. ನೀರು ಚಿಮ್ಮಿಸುವ ವಾಟರ್ ಫ್ಲಾಸರ್ ಇದ್ದರೆ ಒಳ್ಳೆಯದು, ಆದರೆ ಅದು ಬ್ರಷ್ ಬದಲಿಗೆ ಅಲ್ಲ.

ರಾತ್ರಿ ಮಲಗುವ ಮೊದಲು ಕನ್ನಡಿ ಮುಂದೆ ನಿಲ್ಲಿ. ಮಾಮೂಲಿ ಬ್ರಷ್ ಆದ ಮೇಲೆ, ಪುಟ್ಟ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಇಂಪ್ಲಾಂಟ್ ಮತ್ತು ಪಕ್ಕದ ಹಲ್ಲಿನ ಮಧ್ಯೆ ಒಸಡಿಗೆ ತಾಗುವ ಹಾಗೆ ನಿಧಾನ ತೂರಿಸಿ. ಸ್ವಲ್ಪ ಬಿಗಿ ಅನ್ನಿಸಬೇಕು, ಚುಚ್ಚಬಾರದು. ಐದಾರು ಸಲ ಒಳಗೆ ಹೊರಗೆ ಎಳೆಯಿರಿ. ಇನ್ನೊಂದು ಪಕ್ಕಕ್ಕೂ ಹಾಗೆಯೇ. ನಾಲಿಗೆಯ ಕಡೆ ಮರೆಯಬೇಡಿ, ಗಾರೆ ಕಟ್ಟುವುದು ಅಲ್ಲೇ ಜಾಸ್ತಿ. ಆಮೇಲೆ ಬ್ರಷ್ಷನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಎಳೆಗಳು ಬಿಳಿಯಾಗಿದ್ದರೆ ಸಂತೋಷ. ಎಳೆಗಳ ಬುಡದಲ್ಲಿ ತೆಳು ಗುಲಾಬಿ ಬಣ್ಣ ಇದ್ದರೆ ಅದು ರಕ್ತ. ಹಳದಿ ಅಂಟು ಇದ್ದು, ಮೂಗಿನ ಹತ್ತಿರ ಹಿಡಿದಾಗ ಕೊಳೆತ ವಾಸನೆ ಬಂದರೆ ಅಲ್ಲಿ ದಿನಗಟ್ಟಲೆ ಕೊಳೆ ಕೂತಿದೆ ಅಂತ. ಕೀವೂ ಇರಬಹುದು.

ಇಲ್ಲೇ ಬಹಳ ಜನ ಎಡವುತ್ತಾರೆ. ರಕ್ತ ಕಂಡ ಕೂಡಲೇ ಹೆದರಿ ಆ ಜಾಗ ಬಿಟ್ಟು ಬ್ರಷ್ ಮಾಡುತ್ತಾರೆ. ಆಗ ಕೊಳೆ ಇನ್ನೂ ಕೂರುತ್ತದೆ, ಉರಿಯೂತ ಇನ್ನೂ ಹೆಚ್ಚುತ್ತದೆ. ಆ ಜಾಗವನ್ನೇ ಇನ್ನೂ ಚೆನ್ನಾಗಿ, ಮೆತ್ತಗೆ ಕ್ಲೀನ್ ಮಾಡಿ. ಬರೀ ಒಸಡಿನ ಉರಿಯೂತ ಆಗಿದ್ದರೆ ಅದು ವಾಸಿಯಾಗುವ ಹಂತ, ಮೂಳೆಗೆ ಇಳಿದಿರುವುದಿಲ್ಲ. ಎರಡು ವಾರ ಸರಿಯಾಗಿ ಮಾಡಿದರೂ ರಕ್ತ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಮೂಳೆ ಕರಗಿದ ಮೇಲೆ ಅದನ್ನು ಮೊದಲಿನ ಹಾಗೆ ತರುವುದು ಬಹಳ ಕಷ್ಟ, ಹೆಚ್ಚಿನ ಸಲ ಇದ್ದಷ್ಟನ್ನು ಉಳಿಸಿಕೊಳ್ಳುವುದೇ ಗುರಿಯಾಗುತ್ತದೆ.

ಪಿನ್ನು, ಬೆಂಕಿಕಡ್ಡಿ, ಕಸಪೊರಕೆ ಕಡ್ಡಿ ಇವುಗಳಿಂದ ಕೆದಕಬೇಡಿ. ಇದ್ದಿಲು, ಒರಟು ಹಲ್ಲುಪುಡಿ ಬೇಡ. ಉಪ್ಪುನೀರು ಮುಕ್ಕಳಿಸುವುದು ಹಿತ ಕೊಡುತ್ತದೆ, ಆದರೆ ಅಂಟಿಕೊಂಡ ಕೊಳೆ ಅದರಿಂದ ಹೋಗುವುದಿಲ್ಲ.

ರಾತ್ರಿ ಹಲ್ಲು ಕಡಿಯುವವರು ನೈಟ್ ಗಾರ್ಡ್ ಹಾಕಿಕೊಂಡೇ ಮಲಗಿ. ಮೆತ್ತೆ ಇಲ್ಲದ ಇಂಪ್ಲಾಂಟ್ ಮೇಲೆ ಇಡೀ ರಾತ್ರಿ ಭಾರ ಬಿದ್ದರೆ ಕ್ಯಾಪನ್ನು ಹಿಡಿದಿರುವ ಒಳಗಿನ ಸಣ್ಣ ಸ್ಕ್ರೂ ಸಡಿಲವಾಗುತ್ತದೆ, ಕ್ಯಾಪಿನ ಪಿಂಗಾಣಿ ಒಡೆಯುತ್ತದೆ, ಕೆಲವೊಮ್ಮೆ ಆ ಸ್ಕ್ರೂ ಮುರಿಯುತ್ತದೆ.

ಹಂತ 6: ಆರು ತಿಂಗಳಿಗೊಮ್ಮೆ ತೋರಿಸಿ

ಸಕ್ಕರೆ ಕಾಯಿಲೆ, ತಂಬಾಕು, ಹಳೆಯ ಒಸಡಿನ ಕಾಯಿಲೆ ಇದ್ದವರು ಮೂರು ನಾಲ್ಕು ತಿಂಗಳಿಗೊಮ್ಮೆ. ಹೋದಾಗ ಮೂರು ಕೆಲಸ ಆಗಬೇಕು. ಒಂದು, ತೆಳು ಸಲಾಕೆಯಂತಹ ಪ್ರೋಬ್ ಹಾಕಿ ಒಸಡಿನ ಆಳ ಅಳೆಯುವುದು, ರಕ್ತ ಅಥವಾ ಕೀವು ಬರುತ್ತದಾ ನೋಡುವುದು. ಎರಡು, ಕ್ಲೀನಿಂಗ್. ಹಾಕಿದವರ ಹತ್ತಿರ ಅಲ್ಲದೆ ಬೇರೆ ಕಡೆ ಕ್ಲೀನ್ ಮಾಡಿಸುತ್ತಿದ್ದರೆ "ಇದು ಇಂಪ್ಲಾಂಟ್" ಅಂತ ಮೊದಲೇ ಬೆರಳಿಟ್ಟು ತೋರಿಸಿ, ಮಾಮೂಲಿ ಸ್ಟೀಲ್ ತುದಿ ಟೈಟಾನಿಯಂ ಮೇಲೆ ಗೀರು ಮಾಡುತ್ತದೆ, ಆ ಗೀರಿನಲ್ಲಿ ಕೊಳೆ ಕೂರುತ್ತದೆ. ಮೂರು, ಎಕ್ಸ್‌ರೇ. ಪ್ರತಿ ಸಲ ಬೇಡ. ಕ್ಯಾಪ್ ಹಾಕಿದ ದಿನ ಒಂದು, ವರ್ಷ ಆದಾಗ ಒಂದು, ಆಮೇಲೆ ಡಾಕ್ಟರ್ ಹೇಳಿದ ಹಾಗೆ.

ಆ ಎಕ್ಸ್‌ರೇ ತೋರಿಸಿ ಅಂತ ಕೇಳಿ, ನಿಮಗೂ ಅರ್ಥವಾಗುತ್ತದೆ. ಇಂಪ್ಲಾಂಟ್ ಬೆಳ್ಳಗೆ ಕಾಣುತ್ತದೆ, ಅಂಚಿನಲ್ಲಿ ಸ್ಕ್ರೂ ಸುತ್ತುಗಳು ಗರಗಸದ ಹಲ್ಲಿನ ಹಾಗೆ ಇರುತ್ತವೆ. ಬೂದು ಬಣ್ಣದ ಮೂಳೆ ಎಷ್ಟನೇ ಸುತ್ತಿನವರೆಗೆ ಬಂದಿದೆ ಅಂತ ಎಣಿಸಿ. ಮೊದಲ ವರ್ಷ ಒಂದು ಮಿಲಿಮೀಟರಿನಷ್ಟು ಇಳಿಯುವುದು ಸಹಜ. ಆಮೇಲೆ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಕಡಿಮೆ ಇರಬೇಕು, ಅಂದರೆ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರಬೇಕು. ಹೋದ ಸಲ ಮೊದಲ ಸುತ್ತಿನಲ್ಲಿದ್ದದ್ದು ಈಗ ಮೂರನೇ ಸುತ್ತಿಗೆ ಇಳಿದಿದ್ದರೆ, ನೋವಿಲ್ಲದಿದ್ದರೂ ಚಿಕಿತ್ಸೆ ಇವತ್ತೇ ಶುರುವಾಗಬೇಕು.

ಕೆಲವು ವರ್ಷಗಳ ಮೇಲೆ ಇಂಪ್ಲಾಂಟ್ ಮತ್ತು ಅದರ ಮುಂದಿನ ಹಲ್ಲಿನ ಮಧ್ಯೆ ಸಂದಿ ಬಂದು ಸೊಪ್ಪಿನ ನಾರು ಸಿಕ್ಕಿಕೊಳ್ಳಲು ಶುರುವಾಗಬಹುದು. ಇದು ಯಾರ ತಪ್ಪೂ ಅಲ್ಲ. ನಿಜವಾದ ಹಲ್ಲುಗಳು ವಯಸ್ಸಿನ ಜೊತೆ ಸ್ವಲ್ಪ ಮುಂದಕ್ಕೆ ಸರಿಯುತ್ತವೆ, ಇಂಪ್ಲಾಂಟ್ ಸರಿಯುವುದಿಲ್ಲ. ಸ್ಕ್ರೂ ಕ್ಯಾಪ್ ಆಗಿದ್ದರೆ ಬಿಚ್ಚಿ ಸರಿಪಡಿಸಬಹುದು.

ಹಂತ 7: ಅಲ್ಲಾಡಿದರೆ

ಗಾಬರಿ ಬೇಡ, ತಡವೂ ಬೇಡ. ಅಲ್ಲಾಡುತ್ತಿರುವುದು ಬರೀ ಕ್ಯಾಪ್ ಆಗಿರಬಹುದು, ಒಳಗಿನ ಸಣ್ಣ ಸ್ಕ್ರೂ ಸಡಿಲವಾಗಿರುತ್ತದೆ, ಬಿಗಿ ಮಾಡಿದರೆ ಮುಗಿಯಿತು. ಆದರೆ ಸಡಿಲ ಕ್ಯಾಪಿನಲ್ಲೇ ತಿಂಗಳುಗಟ್ಟಲೆ ಅಗಿದರೆ ಆ ಸ್ಕ್ರೂ ಒಳಗೇ ಮುರಿಯುತ್ತದೆ, ಮುರಿದ ತುಂಡು ತೆಗೆಯುವುದು ದೊಡ್ಡ ಸಾಹಸ. ಆ ಕಡೆಯಿಂದ ಅಗಿಯುವುದನ್ನು ನಿಲ್ಲಿಸಿ, ಎರಡು ಮೂರು ದಿನದೊಳಗೆ ತೋರಿಸಿ. ಕ್ಯಾಪ್ ಕೈಗೆ ಬಂದರೆ ಒಂದು ಡಬ್ಬಿಯಲ್ಲಿ ಹಾಕಿ ತನ್ನಿ. ಮನೆಯಲ್ಲಿರುವ ಗಮ್ ಹಾಕಿ ಅಂಟಿಸಬೇಡಿ.

ಮೂಳೆಯೊಳಗಿನ ಇಂಪ್ಲಾಂಟೇ ಅಲ್ಲಾಡುತ್ತಿದ್ದರೆ ಬೆಸುಗೆ ಬಿಟ್ಟಿದೆ ಅಂತ. ಅದನ್ನು ಬಿಗಿ ಮಾಡಲು ಆಗುವುದಿಲ್ಲ, ತೆಗೆಯಲೇಬೇಕು. ಇಟ್ಟುಕೊಂಡಷ್ಟು ದಿನ ಸುತ್ತಲಿನ ಮೂಳೆ ಇನ್ನೂ ಹೋಗುತ್ತದೆ, ಮುಂದೆ ಹೊಸದು ಹಾಕಲು ಜಾಗವೇ ಉಳಿಯುವುದಿಲ್ಲ. ತೆಗೆದು, ಮೂಳೆ ಮಾಗಲು ಕೆಲವು ತಿಂಗಳು ಬಿಟ್ಟು, ಅದೇ ಜಾಗಕ್ಕೆ ಇನ್ನೊಂದು ಹಾಕಬಹುದು. ಎರಡನೇ ಸಲ ಹಾಕಿದ್ದು ಉಳಿಯುವ ಪ್ರಮಾಣ ಮೊದಲ ಸಲಕ್ಕಿಂತ ಸ್ವಲ್ಪ ಕಡಿಮೆ. ಆದ್ದರಿಂದ ಮೊದಲನೆಯದು ಯಾಕೆ ಹೋಯಿತು ಅಂತ ಡಾಕ್ಟರನ್ನು ಕೇಳಿ, ಸ್ಪಷ್ಟ ಉತ್ತರ ಸಿಕ್ಕಿದ ಮೇಲೆಯೇ ಎರಡನೆಯದಕ್ಕೆ ಒಪ್ಪಿಕೊಳ್ಳಿ.